ಕಡತದೊಳಗಿನ ಕುಟುಂಬ: ತುಳುನಾಡಿನ ಜೈನ ಕೃಷಿಕ ಮನೆತನದ ತಲೆಮಾರುಗಳು

ಜೈನ ಸಮುದಾಯವೆಂದರೆ ವ್ಯಾಪಾರಿ ಸಮುದಾಯ ಎಂಬ ಗ್ರಹಿಕೆ ವಿದ್ವತ್ ವಲಯದಲ್ಲಿಯೂ ಆಳವಾಗಿ ಬೇರೂರಿದೆ. ಉತ್ತರ ಭಾರತದ ನಗರಗಳ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವಿದ್ದೀತು. ಕರ್ನಾಟಕದ ಮಟ್ಟಿಗೆ ಇದು ಸರಿಯಲ್ಲ. ಬೆಳಗಾವಿ ಮತ್ತು ಕೊಲ್ಲಾಪುರ ಸೀಮೆಯ ಚತುರ್ಥರು, ಪಂಚಮರು, ಮಲೆನಾಡಿನ ಜೈನ ಗೌಡರು, ತುಳುನಾಡಿನ ಜೈನ ಬಂಟರು ಶತಮಾನಗಳಿಂದ ನೆಲವನ್ನು ನಂಬಿ ಬದುಕಿದವರು. ಇದಕ್ಕೆ ಶಾಸ್ತ್ರದ ಸಮ್ಮತಿಯೂ ಉಂಟು. ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದಲ್ಲಿ ಆದಿನಾಥನು ಕಲ್ಪವೃಕ್ಷಗಳು ಬತ್ತಿದ ಕಾಲದಲ್ಲಿ ಜನರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸುತ್ತಾನೆ. ಆ ಆರರಲ್ಲಿ ಕೃಷಿಗೂ ಒಂದು ಸ್ಥಾನವಿದೆ. ಗೃಹಸ್ಥನ ಜೀವನದಲ್ಲಿ ಸಂಭವಿಸುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿದ ಆಚಾರ್ಯರು ನೇಗಿಲಿನ ಹಿಂಸೆಯನ್ನು ಉದ್ಯೋಗೀ ಹಿಂಸೆಯ ಪರಿಧಿಯಲ್ಲಿಟ್ಟು, ಶ್ರಾವಕನಿಗೆ ಒಕ್ಕಲುತನದ ದಾರಿಯನ್ನು ತೆರೆದಿಟ್ಟರು. ಅಣುವ್ರತಧಾರಿಯಾದ ಶ್ರಾವಕನು ಸಂಕಲ್ಪಪೂರ್ವಕವಾದ ಹಿಂಸೆಯನ್ನು ಬಿಡಬೇಕು. ಜೀವನೋಪಾಯದಲ್ಲಿ ಅನಿವಾರ್ಯವಾದುದನ್ನು ಎಚ್ಚರದಿಂದ ಮಿತಗೊಳಿಸಬೇಕು ಎಂಬುದು ಅವರ ನಿಲುವು.

ಹೀಗಿದ್ದರೂ ಕರ್ನಾಟಕದ ಜೈನ ಇತಿಹಾಸವನ್ನು ಬರೆದವರ ಗಮನ ಅರಸರು, ದಂಡನಾಯಕರು, ಕವಿಗಳು, ಮುನಿಗಳು ಮತ್ತು ಬಸದಿಗಳ ಮೇಲೆಯೇ ನೆಲೆಸಿತು. ಕಾರ್ಕಳದ ಭೈರರಸರು 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದರು, ವೇಣೂರಿನ ಅಜಿಲರು 1604ರಲ್ಲಿ ಇನ್ನೊಂದು ಗೊಮ್ಮಟನನ್ನು ನಿಲ್ಲಿಸಿದರು ಎಂಬುದು ಎಲ್ಲ ಗ್ರಂಥಗಳಲ್ಲಿಯೂ ದೊರೆಯುತ್ತದೆ. ಆ ಬೃಹತ್ ವಿಗ್ರಹಗಳ ಕೆಲಸಕ್ಕೆ ಅಕ್ಕಿ ಒದಗಿಸಿದ ಗದ್ದೆಗಳು ಯಾರ ಬೇಸಾಯದಲ್ಲಿದ್ದವು, ಆ ಕುಟುಂಬಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಸಾಗಿಬಂದವು ಎಂಬ ಪ್ರಶ್ನೆ ಹಿಂದೆ ಉಳಿಯಿತು. ಅರಸೊತ್ತಿಗೆಗಳು ಅಳಿದ ಮೇಲೂ ಉಳಿದದ್ದು ಈ ಕೃಷಿಕ ಕುಟುಂಬಗಳೇ. ಅವು ಚದುರಿದ್ದು 20ನೆಯ ಶತಮಾನದಲ್ಲಿ. ಅದೂ ಕಾಲು ಶತಮಾನದಷ್ಟು ಅಲ್ಪ ಅವಧಿಯಲ್ಲಿ. ಅದು ಹೇಗಾಯಿತು, ಅಂತಹ ಕುಟುಂಬದ ಚರಿತ್ರೆಯನ್ನು ಯಾವ ಆಧಾರದಿಂದ, ಯಾರನ್ನು ಒಳಗೊಂಡು ಬರೆಯಬೇಕು ಎಂಬುದು ಇಲ್ಲಿಯ ಜಿಜ್ಞಾಸೆ.

ಮನೆಯ ಕಪ್ಪು ಪುಸ್ತಕ

ತುಳುನಾಡಿನ ಹಳೆಯ ಬೀಡು, ಗುತ್ತುಗಳ ಅಟ್ಟದ ಮೇಲೆ, ಮರದ ಪೆಟ್ಟಿಗೆಗಳಲ್ಲಿ ದೊರೆಯುವ ಬರಹಸಾಮಗ್ರಿ ಎರಡು ಬಗೆಯದು. ಒಂದು ತಾಳೆಗರಿಯ ಶಾಸ್ತ್ರಗ್ರಂಥ, ಇನ್ನೊಂದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿಯಕ್ಷರಗಳಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಮನೆಯೊಳಗಿನ ಮಾತು ತುಳು; ಕಡತದ ಭಾಷೆ ಮತ್ತು ಲಿಪಿ ಕನ್ನಡ. ಆದ್ದರಿಂದ ಗೇಣಿ, ಮುಡಿ, ಕಳಸೆ, ಮಜಲು, ಬೆಟ್ಟು ಮುಂತಾಗಿ ತುಳುನಾಡಿನ ಒಕ್ಕಲುತನದ ಪದಕೋಶ ಕನ್ನಡದ ವಾಕ್ಯರಚನೆಯೊಳಗೆ ನೆಲೆಗೊಂಡ ರೀತಿಯನ್ನು ಅರಿಯಲು ಭಾಷಾವಿದ್ಯಾರ್ಥಿಗಳಿಗೂ ಈ ಕಡತಗಳು ಮುಖ್ಯವಾದವು.

ಕಡತದಲ್ಲಿ ವಂಶಾವಳಿ ಇರುವುದಿಲ್ಲ. ಇಂಥ ಗದ್ದೆ, ಇಷ್ಟು ಮುಡಿ ಬಿತ್ತನೆ, ಇಂಥವನ ಒಕ್ಕಲು, ಇಷ್ಟು ಗೇಣಿ, ಇಷ್ಟು ಬಾಕಿ, ಬಸದಿಯ ನಂದಾದೀಪಕ್ಕೆ ಇಷ್ಟು ಎಣ್ಣೆ, ದೈವದ ನೇಮಕ್ಕೆ ಇಷ್ಟು ಅಕ್ಕಿ, ತೆಂಗಿನಕಾಯಿ ಎಂಬ ನಿರಾಡಂಬರ ನಮೂದುಗಳಷ್ಟೇ ಇರುತ್ತವೆ. ಆದರೆ ಒಂದು ಮನೆಯ ಕಡತಗಳನ್ನು ಅನುಕ್ರಮವಾಗಿ ಓದಿದರೆ, ಹೆಸರುಗಳು ಬದಲಾಗುವ ಸ್ಥಳಗಳಲ್ಲಿ ತಲೆಮಾರುಗಳು ಬದಲಾಗುವುದು ಕಾಣುತ್ತದೆ. ಯಜಮಾನನ ಹೆಸರು ಬದಲಾದಾಗ ಬೀಡಿನಲ್ಲೊಂದು ಮರಣ ಸಂಭವಿಸಿರುತ್ತದೆ. ಒಕ್ಕಲಿನ ಹೆಸರು ಬದಲಾದಾಗ ಗದ್ದೆಯ ಬದಿಯ ಮುಳಿಹುಲ್ಲಿನ ಮನೆಯಲ್ಲೊಂದು ಮರಣ ಅಥವಾ ಒಂದು ಒಕ್ಕಲೆಬ್ಬಿಸುವಿಕೆ ಸಂಭವಿಸಿರುತ್ತದೆ. ಈ ಎರಡೂ ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿ ದೊರೆಯುವುದು ಕಡತದ ವೈಶಿಷ್ಟ್ಯ. ಮನೆತನದ ಪ್ರಶಸ್ತಿಗಳಲ್ಲಿ ಅದು ದೊರೆಯದು.

ನೆಲದ ಸ್ವರೂಪ

ಕುಟುಂಬದ ಸ್ವರೂಪವನ್ನು ತಿಳಿಯುವ ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ತುಳುನಾಡಿನಲ್ಲಿ ಘಟ್ಟದ ಕೆಳಗಿನ ಇತರ ಪ್ರದೇಶಗಳಂತೆ ಒತ್ತೊತ್ತಾದ ಊರುಗಳಿಲ್ಲ. ಪ್ರತಿ ಮನೆಯೂ ತನ್ನ ಗದ್ದೆಯ ಅಂಚಿನಲ್ಲಿ ಒಂಟಿಯಾಗಿ ನಿಂತಿರುತ್ತದೆ. ಕಣಿವೆಯ ತಳದಲ್ಲಿರುವ ತೇವದ ನೆಲ ಬಯಲು. ಅದರ ಮೇಲಿನ ಮೆಟ್ಟಿಲುಗದ್ದೆ ಮಜಲು. ಮಳೆಯನ್ನೇ ನಂಬಿರುವ ಎತ್ತರದ ಗದ್ದೆ ಬೆಟ್ಟು. ಬಯಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ; ಮಜಲಿನಲ್ಲಿ ಎರಡು; ಬೆಟ್ಟಿನಲ್ಲಿ ಒಂದೇ. ಗದ್ದೆಯ ವಿಸ್ತಾರವನ್ನು ಅದಕ್ಕೆ ಬೇಕಾಗುವ ಬೀಜದ ಪ್ರಮಾಣದಿಂದ ಹೇಳುವುದು ರೂಢಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮುಡಿಯೇ ಅಳತೆ, ಅದೇ ಗೇಣಿ, ಒಂದು ಕಾಲಕ್ಕೆ ಅದೇ ಸಂಪತ್ತಿನ ಮಾನದಂಡ.

ಗದ್ದೆಯನ್ನು ಸುತ್ತುವರಿದ ಗುಡ್ಡದ ಸೊಪ್ಪಿಲ್ಲದೆ ಬೇಸಾಯ ಸಾಗದು. ಹಟ್ಟಿಗೆ ಹಾಸಿದ ಸೊಪ್ಪು ಗೊಬ್ಬರವಾಗಿ ಗದ್ದೆಗೆ ಮರಳಬೇಕು. ಕೃಷಿಭೂಮಿಯ ಸುತ್ತಲಿನ ನೂರು ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು, ಸೌದೆಗಳನ್ನು ಪಡೆಯುವ ಕುಮ್ಕಿ ಎಂಬ ಸವಲತ್ತು ಈ ಅಗತ್ಯದಿಂದಲೇ ಹುಟ್ಟಿತು. ಹೀಗೆ ಬಯಲು, ಮಜಲು, ಬೆಟ್ಟು, ತೋಟ, ಗುಡ್ಡ ಎಲ್ಲವೂ ಸೇರಿ ಒಂದು ಘಟಕ. ಒಬ್ಬ ಹಕ್ಕುದಾರನ ಹೆಸರಿನಲ್ಲಿ ಸರಕಾರಕ್ಕೆ ತೀರ್ವೆ ತೆರುವ ಹಿಡುವಳಿಯನ್ನು ವರ್ಗ ಎಂದು ಕರೆದರು. ಅದರ ಒಡೆಯ ವರ್ಗದಾರ. ಬಯಲನ್ನು ಒಬ್ಬನಿಗೆ, ಸೊಪ್ಪಿನ ಗುಡ್ಡವನ್ನು ಇನ್ನೊಬ್ಬನಿಗೆ ಹಂಚಿದರೆ ಇಬ್ಬರಿಗೂ ಬದುಕಿಲ್ಲ. ಹಂಚಿಹೋಗದ ಕುಟುಂಬವನ್ನು ಈ ನೆಲವೇ ಬಯಸುತ್ತಿತ್ತು ಎಂದರೆ ತಪ್ಪಾಗಲಾರದು.

ತಾಯಿಯಿಂದ ಎಣಿಸುವ ತಲೆಮಾರು

ಆ ಕುಟುಂಬದ ಕಟ್ಟು ಅಳಿಯಸಂತಾನ. ತುಳುನಾಡಿನ ಜೈನರಲ್ಲಿ ಪುರೋಹಿತರಾದ ಇಂದ್ರರು ಮಕ್ಕಳಸಂತಾನದವರು. ಉಳಿದ ಜೈನ ಬಂಟರು, ಅರಸು ಮನೆತನದವರೂ ಸೇರಿದಂತೆ, ಅಳಿಯಸಂತಾನದವರು. ಉಳ್ಳಾಲದ ರಾಣಿ ಅಬ್ಬಕ್ಕನು ಚೌಟ ಮನೆತನದ ಗದ್ದುಗೆಯನ್ನೇರಿದ್ದೂ ಈ ಕಟ್ಟಿನ ಬಲದಿಂದಲೇ. ಈ ಪದ್ಧತಿಯ ಮೂಲವನ್ನು ಭೂತಾಳಪಾಂಡ್ಯನ ಐತಿಹ್ಯಕ್ಕೆ ಹೊಂದಿಸಿ ಹೇಳುವುದು ವಾಡಿಕೆ. ಕುಂಡೋದರನೆಂಬ ಭೂತ ಬಲಿ ಕೇಳಿದಾಗ ಹೆಂಡತಿ ತನ್ನ ಮಗನನ್ನು ಕೊಡಲೊಪ್ಪದೆ, ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಆದ್ದರಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ ಎಂಬುದು ಕಥೆ. ಭೂತಾಳಪಾಂಡ್ಯನ ಕಟ್ಟು ಎಂಬ ಹೆಸರಿನ ಗ್ರಂಥವನ್ನು ಪ್ರಾಚೀನ ಶಾಸನವೆಂದು ಸಂಶೋಧಕರು ಒಪ್ಪಿಲ್ಲ. ಆದರೆ ಪದ್ಧತಿ ಗ್ರಂಥಕ್ಕಿಂತ ಹಳೆಯದು.

ಈ ಕಟ್ಟಿನಲ್ಲಿ ಕುಟುಂಬವೆಂದರೆ ಒಬ್ಬ ತಾಯಿ, ಅವಳ ಗಂಡು ಹೆಣ್ಣುಮಕ್ಕಳು ಮತ್ತು ಹೆಣ್ಣುಮಕ್ಕಳ ಸಂತತಿ. ಒಬ್ಬ ಹೆಂಗಸು ಮತ್ತು ಸ್ತ್ರೀಮೂಲದಿಂದ ಬಂದ ಅವಳ ಸಂತತಿಯನ್ನು ಕವರು ಎನ್ನುತ್ತಾರೆ. ಗಂಡಸಿನಿಂದ ಕವರು ಹುಟ್ಟುವುದಿಲ್ಲ. ಅವನು ತನ್ನ ತಾಯಿಯ ಕವರಿಗೆ ಸೇರಿದವನು. ಬಳಿಯೂ ತಾಯಿಯಿಂದಲೇ ಬರುತ್ತದೆ. ಒಂದೇ ಬಳಿಯವರೊಳಗೆ ಮದುವೆ ಸಲ್ಲದು. ಆಸ್ತಿಯ ಆಡಳಿತ ಹಿರಿಯನದು. ಗಂಡಸಾದರೆ ಯಜಮಾನ, ಹೆಂಗಸಾದರೆ ಯಜಮಾನ್ತಿ.

ಇಲ್ಲೊಂದು ಒಳಬಿಗಿತವಿತ್ತು. ಆಸ್ತಿ ಹೆಣ್ಣಿನ ಮೂಲಕ ಸಾಗಿದರೂ ಮದುವೆಯಾದ ಹೆಣ್ಣು ಸಾಮಾನ್ಯವಾಗಿ ಗಂಡನ ಮನೆಯಲ್ಲಿ ವಾಸಿಸುತ್ತಿದ್ದಳು. ಅವಳ ಮಕ್ಕಳು ತಂದೆಯ ಮನೆಯಲ್ಲಿ ಬೆಳೆದು, ಅಲ್ಲಿಯ ಗದ್ದೆಯ ಕೆಸರಿನಲ್ಲಿ ಆಡಿ, ಅಲ್ಲಿಯ ಅನ್ನವನ್ನುಂಡು, ಹಕ್ಕಿಗಾಗಿ ಮಾತ್ರ ತಾಯಿಯ ತವರಿನ ಕಡೆ ನೋಡಬೇಕಾಗಿತ್ತು. ಒಬ್ಬ ಯಜಮಾನ ನಲವತ್ತು ವರ್ಷ ದುಡಿದು ಬೆಟ್ಟನ್ನು ಮಜಲಾಗಿ ಮಾಡಿದರೂ, ಅವನ ಮರಣದ ನಂತರ ಅದರ ಮೇಲೆ ಮಗನಿಗೆ ಹಕ್ಕಿಲ್ಲ. ತಂಗಿಯ ಮಗನಿಗೆ ಹಕ್ಕುಂಟು. ತಂದೆ ಸತ್ತ ಮೇಲೆ ವಿಧವೆಯೂ ಮಕ್ಕಳೂ ಆ ಮನೆಯಿಂದ ಹೊರಡಬೇಕಾದ ಸಂದರ್ಭಗಳೂ ಬರುತ್ತಿದ್ದವು. ಆದರೆ ಆ ವಿಧವೆಗೆ ಮರಳಲು ತವರು ಎಂಬುದೊಂದಿತ್ತು. ಅಲ್ಲಿ ಅವಳು ಅಣ್ಣನ ದಯೆಯಲ್ಲಿ ಬದುಕುವವಳಲ್ಲ, ಹಕ್ಕಿನಿಂದ ಬಂದವಳು. ಅಳಿಯಸಂತಾನದ ಕುಟುಂಬವನ್ನು ಸ್ತ್ರೀಪ್ರಧಾನವೆಂದು ಹೊಗಳುವವರೂ ತಂದೆಮಕ್ಕಳ ಸಂಬಂಧವನ್ನು ಕೆಡಿಸಿದ್ದೆಂದು ಹಳಿಯುವವರೂ ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯನ್ನು ಕರಾವಳಿಯ ಕೃಷಿಕ ಕುಟುಂಬದ ಮೂರು ತಲೆಮಾರಿನ ಕಥನವೆಂದು ವಿದ್ಯಾರ್ಥಿಗಳು ಓದುತ್ತಾರೆ. ಅಲ್ಲಿಯದು ಮಕ್ಕಳಸಂತಾನದ ಬ್ರಾಹ್ಮಣ ಕುಟುಂಬ. ತಂದೆ, ಮಗ, ಮೊಮ್ಮಗ ಎಂಬ ಸರಳ ರೇಖೆ ಅಲ್ಲಿ ಸಹಜ. ಅದೇ ಕರಾವಳಿಯ ಅಳಿಯಸಂತಾನದ ಮನೆಗೆ ಆ ರೇಖೆಯನ್ನು ಅನ್ವಯಿಸಿದರೆ ಕುಟುಂಬವೇ ಕಾಣದಾಗುತ್ತದೆ. ಇಂದು ಸ್ಮರಣಸಂಚಿಕೆಗಳಲ್ಲಿ ಪ್ರಕಟವಾಗುವ ಅನೇಕ ಮನೆತನದ ಚರಿತ್ರೆಗಳು ಯಜಮಾನರ ಹೆಸರುಗಳನ್ನು ಒಂದರ ಕೆಳಗೊಂದು ಜೋಡಿಸಿ ಅದನ್ನೇ ವಂಶವೃಕ್ಷವೆನ್ನುತ್ತವೆ. ಆ ಪಟ್ಟಿಯಲ್ಲಿ ಒಬ್ಬನಿಂದ ಇನ್ನೊಬ್ಬನಿಗೆ ಹೋಗುವ ದಾರಿಯೇ ಇಲ್ಲ. ಮಾವನಿಂದ ಅಳಿಯನಿಗೆ ಹೋಗಬೇಕಾದರೆ ನಡುವೆ ಒಬ್ಬ ಹೆಂಗಸು ಇರಲೇಬೇಕು. ಅವಳ ಹೆಸರು ಬರೆಯದ ವಂಶವೃಕ್ಷ ಅಳಿಯಸಂತಾನದ ಮಟ್ಟಿಗೆ ವಂಶವೃಕ್ಷವೇ ಅಲ್ಲ.

ಕುಂಪಣಿ ಸರಕಾರ, ವರ್ಗ ಮತ್ತು ನ್ಯಾಯಾಲಯ

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಈಸ್ಟ್ ಇಂಡಿಯಾ ಕುಂಪಣಿಯ ವಶವಾಯಿತು. ಅದರ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಹಳೆಯ ಲೆಕ್ಕಪತ್ರಗಳನ್ನು ಪರಿಶೀಲಿಸಿದ ಮನ್ರೋ, ಇಲ್ಲಿ ಭೂಮಿಯ ಮೇಲೆ ಖಾಸಗಿ ಹಕ್ಕು ಬಹು ಪ್ರಾಚೀನವಾದುದೆಂದೂ, ಜಮೀನು ಮಾರಾಟ, ಅಡವು, ಗೇಣಿಗಳಿಗೆ ಒಳಪಡುವ ಸ್ವತ್ತಾಗಿದೆಯೆಂದೂ ವರದಿ ಮಾಡಿದ. ಸರಕಾರ ನೇರವಾಗಿ ವರ್ಗದಾರನಿಂದ ತೀರ್ವೆ ಪಡೆಯುವ ವ್ಯವಸ್ಥೆ ನೆಲೆಗೊಂಡಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿ ಗದ್ದೆಗಳ ವರ್ಗೀಕರಣ, ಗೇಣಿಯ ಬಗೆಗಳು, ಜೈನರ ಆಚಾರವಿಚಾರಗಳನ್ನು ದಾಖಲಿಸಿದ.

ತುಳುನಾಡಿನ ಜೈನ ಮನೆತನಗಳಿಗೆ ಇದರ ಪರಿಣಾಮ ಎರಡು ತೆರನಾದುದು. ಅರಸೊತ್ತಿಗೆಯ ಶೇಷವಾಗಿ ಉಳಿದಿದ್ದ ರಾಜಕೀಯ ಅಧಿಕಾರ ಸಂಪೂರ್ಣವಾಗಿ ಹೋಯಿತು. ಬೀಡಿನ ಬಲ್ಲಾಳ, ಹೆಗ್ಗಡೆಗಳು ತೀರ್ವೆ ತೆರುವ ವರ್ಗದಾರರಾದರು. ಅದೇ ವೇಳೆಗೆ ಭೂಮಿಯ ಮೇಲಿನ ಅವರ ಹಕ್ಕು ಹಿಂದೆಂದೂ ಇಲ್ಲದಷ್ಟು ಲಿಖಿತವೂ ನಿಶ್ಚಿತವೂ ಆಯಿತು. ತೀರ್ವೆಯ ಭಾರ ಮತ್ತು ಧಾನ್ಯದ ಬೆಲೆ ಕುಸಿತದಿಂದ 1830–31ರಲ್ಲಿ ರೈತರು ಕೂಟಗಳಾಗಿ ಸೇರಿ ತೀರ್ವೆ ನಿರಾಕರಿಸಿದರು. 1837ರ ಬಂಡಾಯದಲ್ಲಿ ಬಂಗ ಮನೆತನದ ಲಕ್ಷ್ಮಪ್ಪ ಬಂಗರಸ ಗಲ್ಲಿಗೇರಿದ. ಆ ಬಳಿಕ ಮನೆತನಗಳ ಹೋರಾಟದ ಕಣ ಯುದ್ಧಭೂಮಿಯಿಂದ ಕಚೇರಿಗೆ ವರ್ಗವಾಯಿತು.

ಕಚೇರಿಯಲ್ಲಿ ಮುಖ್ಯ ಪ್ರಶ್ನೆ ಒಂದೇ: ಅಳಿಯಸಂತಾನ ಕುಟುಂಬದ ಒಬ್ಬ ಸದಸ್ಯ ಪಾಲು ಕೇಳಬಹುದೇ? ಕೇಳುವಂತಿಲ್ಲ ಎಂಬುದು 19ನೆಯ ಶತಮಾನದ ಮದರಾಸು ಹೈಕೋರ್ಟಿನ ನಿಲುವು. ಎಲ್ಲರೂ ಒಪ್ಪಿದರೆ ಅನುಕೂಲಕ್ಕಾಗಿ ಹಂಚಿಕೊಂಡು ಉಣ್ಣಬಹುದು; ಒಪ್ಪದವರ ಮೇಲೆ ವಿಭಾಗವನ್ನು ಹೇರುವಂತಿಲ್ಲ. ರೂಢಿಯಲ್ಲಿ ಸಂದರ್ಭಾನುಸಾರ ಬಾಗುತ್ತಿದ್ದ ಕಟ್ಟು ನ್ಯಾಯಾಲಯದ ತೀರ್ಪುಗಳಿಂದ ಗಟ್ಟಿಯಾಯಿತು. ಕುಟುಂಬ ಬೆಳೆದು ನೂರು ಜನರಾದರೂ ವರ್ಗ ಒಂದೇ, ಯಜಮಾನ ಒಬ್ಬನೇ. ದೂರದ ಕವರಿನವರಿಗೆ ವರ್ಷಕ್ಕಿಷ್ಟು ಅಕ್ಕಿಯ ಜೀವನಾಂಶ. ಯಜಮಾನನ ಮೇಲೆ ಸಂಶಯ. ಆಡಳಿತದಿಂದ ಅವನನ್ನು ತೆಗೆಯಬೇಕೆಂಬ ದಾವೆ. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ದಕ್ಷಿಣ ಕನ್ನಡದ ಸರ್ವೆ ಮತ್ತು ಜಮಾಬಂದಿ ಪೂರ್ಣಗೊಂಡು, ಬಿತ್ತನೆಯ ಮುಡಿಯಿಂದ ಗುರುತಿಸುತ್ತಿದ್ದ ಗದ್ದೆಗಳಿಗೆ ಎಕರೆ, ಸೆಂಟ್ಸ್ ಮತ್ತು ಸರ್ವೆ ನಂಬರುಗಳು ಬಂದವು. ಕಡತದ ಪಕ್ಕದಲ್ಲಿ ಪಟ್ಟೆ, ಅಡಂಗಲ್ಲುಗಳು ಕುಳಿತವು.

ಗೇಣಿಯ ಇನ್ನೊಂದು ಬದಿ

ಬೀಡಿನ ಕುಟುಂಬ ತಾನೇ ಬೇಸಾಯ ಮಾಡುತ್ತಿದ್ದದ್ದು ಮನೆಯೆದುರಿನ ಬಯಲನ್ನು ಮತ್ತು ಕಂಬಳದ ಗದ್ದೆಯನ್ನು. ಉಳಿದುದೆಲ್ಲ ಒಕ್ಕಲುಗಳ ಕೈಯಲ್ಲಿ. ಒಕ್ಕಲುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೂಲಗೇಣಿಯವನದು ಶಾಶ್ವತ ಹಕ್ಕು, ನಿಶ್ಚಿತ ಗೇಣಿ, ಅವನನ್ನು ಎಬ್ಬಿಸುವಂತಿಲ್ಲ. ವಾಯಿದೆಗೇಣಿಯವನದು ಗೊತ್ತಾದ ಅವಧಿಯ ಹಕ್ಕು. ಚಾಲಗೇಣಿಯವನದು ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ. ಕಾಗದದ ಮೇಲೆ ಒಂದು ವರ್ಷದ ಆಯುಸ್ಸುಳ್ಳ ಚಾಲಗೇಣಿಯಲ್ಲಿ ಮೂರು ನಾಲ್ಕು ತಲೆಮಾರುಗಳ ಕಾಲ ಒಂದೇ ಗದ್ದೆಯನ್ನು ಉತ್ತ ಕುಟುಂಬಗಳಿದ್ದವು. ಅವರು ಅಗಳು ತೋಡಿದರು, ಕಟ್ಟಪುಣಿ ಕಟ್ಟಿದರು, ತೆಂಗು ನೆಟ್ಟರು. ಪ್ರತಿ ವರ್ಷವೂ ಗೇಣಿ ಏರುವ, ಗೇಣಿ ನಿಂತರೆ ಗದ್ದೆ ತಪ್ಪುವ ಭಯದಲ್ಲಿಯೇ ಇದನ್ನೆಲ್ಲ ಮಾಡಿದರು. ಇವರಲ್ಲಿ ಬಿಲ್ಲವರೇ ಮೊದಲಾಗಿ ಅನೇಕರು ಸ್ವತಃ ಅಳಿಯಸಂತಾನದವರು. ಬೀಡಿನ ಮನೆಗೆ ವಂಶಚರಿತ್ರೆ ಇರುವುದಾದರೆ ಒಕ್ಕಲ ಮನೆಗೂ ಅಷ್ಟೇ ಉದ್ದದ ವಂಶಚರಿತ್ರೆಯಿದೆ.

ಒಕ್ಕಲಿಗಿಂತ ಕೆಳಗೆ ಮೂಲದಾಳುಗಳು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ 1843ರಲ್ಲಿ ರದ್ದಾಯಿತು; ಸಾಲ ಮತ್ತು ರೂಢಿಯ ಬಂಧನ ಆ ನಂತರವೂ ಮುಂದುವರಿಯಿತು. ಗದ್ದೆಯನ್ನು ನಿಜವಾಗಿ ಉತ್ತು ನೆಟ್ಟು ಕೊಯ್ದ ಕೈಗಳು ಬಹುಮಟ್ಟಿಗೆ ಇವರವು. ಇವರಿಗೆ ಗೇಣಿದಾರರಾಗುವ ಅವಕಾಶವೂ ಇರಲಿಲ್ಲ. 1933ರಲ್ಲಿ ಪ್ರಕಟವಾದ 'ಚೋಮನ ದುಡಿ'ಯ ಚೋಮನ ಬಯಕೆ ಭೂಮಿಯ ಒಡೆತನವಲ್ಲ, ತುಂಡು ಗದ್ದೆಯನ್ನು ಗೇಣಿಗೆ ಪಡೆದು ಬೇಸಾಯಗಾರನಾಗುವುದು ಎಂಬುದನ್ನು ನೆನೆದರೆ ಈ ಶ್ರೇಣಿಯ ಅಂತರಗಳು ಎಷ್ಟು ಕಠಿಣವಾಗಿದ್ದವೆಂಬುದು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗುತ್ತದೆ. ಅಹಿಂಸಾಧರ್ಮದ ಮನೆಗಳು ಈ ವ್ಯವಸ್ಥೆಯಿಂದ ಹೊರಗಿರಲಿಲ್ಲ. ನೇಗಿಲಿನ ತುದಿಗೆ ಸಿಲುಕುವ ಕ್ರಿಮಿಯ ಬಗೆಗೆ ಇದ್ದ ಸೂಕ್ಷ್ಮ ಎಚ್ಚರ ನೇಗಿಲು ಹಿಡಿದವನ ಬಗೆಗೂ ಎಷ್ಟರ ಮಟ್ಟಿಗೆ ಇತ್ತೆಂಬ ಪ್ರಶ್ನೆಯನ್ನು ಜೈನ ಇತಿಹಾಸಕಾರರು ತಾವೇ ಕೇಳಿಕೊಳ್ಳಬೇಕಾಗಿದೆ. ಅಪರಿಗ್ರಹವನ್ನು ಅಣುವ್ರತವಾಗಿ ಸ್ವೀಕರಿಸಿದ ಶ್ರಾವಕನು ಕ್ಷೇತ್ರ, ವಾಸ್ತು, ಧನಧಾನ್ಯಗಳ ಜೊತೆಗೆ ದಾಸೀದಾಸರಿಗೂ ಮಿತಿಯನ್ನು ಹಾಕಿಕೊಳ್ಳಬೇಕೆಂದು ಶ್ರಾವಕಾಚಾರಗಳು ಹೇಳುತ್ತವೆ. ಆಳನ್ನು ಪರಿಗ್ರಹದ ಪಟ್ಟಿಯಲ್ಲಿ ಎಣಿಸಿದ ಆ ಕ್ರಮವೇ ಹಿಂದಿನ ಸಮಾಜವನ್ನು ಕುರಿತು ಬಹಳಷ್ಟನ್ನು ತಿಳಿಸುತ್ತದೆ.

ಮೊದಲ ಒಡಕು: 1949, 1956

ಹಂಚಿಕೆಯಿಲ್ಲದ ಕುಟುಂಬದೊಳಗಿನ ಒತ್ತಡಕ್ಕೆ ಉತ್ತರವಾಗಿ ಬಂದದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆ. ಕವರಿಗೆ ಪಾಲು ಕೇಳುವ ಹಕ್ಕನ್ನು ಅದು ನೀಡಿತು. ಒಬ್ಬ ತಾಯಿಗೆ ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು ಎಂದಿಟ್ಟುಕೊಂಡರೆ, ಪ್ರತಿ ಹೆಣ್ಣುಮಗಳೂ ಅವಳ ಸಂತತಿಯೂ ಒಂದೊಂದು ಕವರು. ಗಂಡುಮಕ್ಕಳು ಬದುಕಿರುವವರೆಗೆ ಹಕ್ಕುಳ್ಳವರು, ಆದರೆ ಅವರಿಂದ ಕವರು ಬೆಳೆಯದು. ಕಾಯಿದೆ ಕವರುಗಳನ್ನು ಸಂತತಿ ಕವರು, ನಿಸ್ಸಂತತಿ ಕವರು ಎಂದು ಎರಡಾಗಿ ವಿಂಗಡಿಸಿತು. ಐವತ್ತು ವರ್ಷ ತುಂಬದ ಒಬ್ಬ ಹೆಂಗಸಾದರೂ ಇರುವ ಕವರು ಸಂತತಿ ಕವರು. ಇಲ್ಲದಿದ್ದರೆ ಅದು ನಿಸ್ಸಂತತಿ. ಮುಂದುವರಿಯಲು ಹೆಣ್ಣಿಲ್ಲದ ಕವಲಿಗೆ ಸಂತತಿ ಕವರಿನ ಎದುರು ಸಾಮಾನ್ಯವಾಗಿ ಜೀವಮಾನದ ಹಕ್ಕು ಮಾತ್ರ. ಆ ಮೇಲೆ ಆಸ್ತಿ ಹೆಣ್ಣಿರುವ ಕವಲಿಗೆ ಮರಳಬೇಕು. ಅಂದರೆ ಕಾಯಿದೆ ಮನೆಯನ್ನು ಒಡೆಯಿತಾದರೂ ತಾಯಿಯ ದಾರಿಯನ್ನು ಬಿಡಲಿಲ್ಲ.

ಆ ದಾರಿಯನ್ನು ಬದಲಿಸಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಅದು ಜೈನರಿಗೂ ಅನ್ವಯಿಸುತ್ತದೆ. ಆ ನಂತರ ಅಳಿಯಸಂತಾನದ ಒಬ್ಬ ಸದಸ್ಯ ತೀರಿಕೊಂಡರೆ, ಮರಣದ ಪೂರ್ವಕ್ಷಣದಲ್ಲಿ ಪಾಲಾಗಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅಷ್ಟು ಆಸ್ತಿ ಕುಟುಂಬದಲ್ಲಿ ಉಳಿಯದೆ ಅವನ ವಾರಸುದಾರರಿಗೆ ಸಲ್ಲತಕ್ಕದ್ದು. ಉಯಿಲು ಬರೆಯುವ ಅಧಿಕಾರವೂ ಬಂದಿತು. ಇದರಿಂದ ಗಂಡಸಿನ ಹೆಂಡತಿ, ಮಕ್ಕಳು ಮೊದಲ ಬಾರಿಗೆ ಅವನ ಕುಟುಂಬದ ನೆಲಕ್ಕೆ ವಾರಸುದಾರರಾದರು. ಮಗನೆದುರು ತಂದೆ ಅನುಭವಿಸುತ್ತಿದ್ದ ಅಸಹಾಯಕತೆಗೆ ಇದು ನ್ಯಾಯವಾದ ಪರಿಹಾರ. ಆದರೆ ಇದೇ ಕ್ರಮ ಇನ್ನೊಂದು ಬದಿಯಲ್ಲಿ ತವರಿಗೆ ಹಕ್ಕಿನಿಂದ ಮರಳುತ್ತಿದ್ದ ಹೆಣ್ಣಿನ ನೆಲೆಯನ್ನು ಸಡಿಲಿಸಿತು. ಅವಳಿಗೆ ಈಗ ದೊರೆತದ್ದು ಪಾಲು. ಹಿಂದೆ ಇದ್ದದ್ದು ಮನೆ. ಒಂದೇ ತಲೆಮಾರಿನ ಸೋದರಿಯರಲ್ಲಿ ಹಿರಿಯಳು ಹಳೆಯ ಕಟ್ಟಿನಲ್ಲಿ ಯಜಮಾನ್ತಿಯಾಗಿ ಬದುಕಿ, ಕಿರಿಯಳು ಪಾಲುಪತ್ರಕ್ಕೆ ರುಜು ಹಾಕಿದವಳಾಗಿ ಹೋಗುವಷ್ಟು ವೇಗದಲ್ಲಿ ಈ ಬದಲಾವಣೆ ನಡೆಯಿತು.

ಎರಡನೆಯ ಒಡಕು: 1974

ಪಾಲುಪತ್ರಗಳ ಶಾಯಿ ಆರುವ ಮೊದಲೇ ಭೂಸುಧಾರಣೆ ಬಂದಿತು. 1961ರಲ್ಲಿ ರೂಪುಗೊಂಡ ಕಾಯಿದೆ 1965ರ ಅಕ್ಟೋಬರ್ 2ರಂದು ಜಾರಿಯಾದರೂ ಅದರ ಪರಿಣಾಮ ಸೀಮಿತವಾಗಿತ್ತು. ದೇವರಾಜ ಅರಸು ಅವರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಜಮೀನುಗಳೆಲ್ಲ ಆ ದಿನ ಸರಕಾರದಲ್ಲಿ ನಿಹಿತವಾದವು. ಗೇಣಿದಾರ 7ನೆಯ ನಮೂನೆಯಲ್ಲಿ ಡಿಕ್ಲರೇಶನ್ ಸಲ್ಲಿಸಬೇಕು. ಸಹಾಯಕ ಆಯುಕ್ತರ ಅಧ್ಯಕ್ಷತೆಯ ಭೂನ್ಯಾಯಮಂಡಳಿ ವಿಚಾರಣೆ ನಡೆಸಿ ಅವನಿಗೆ ಅಧಿಭೋಗದ ಹಕ್ಕನ್ನು ನೀಡುತ್ತಿತ್ತು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ನೂರು ವರ್ಷಗಳಿಂದ ಕಚೇರಿಯ ಭಾಷೆಯನ್ನು ಬಲ್ಲ ಬೀಡಿನವನೂ, ಹೆಬ್ಬೆಟ್ಟೊತ್ತುವ ಒಕ್ಕಲಿನವನೂ ಮೊದಲ ಸಲ ಸಮಾನರಾಗಿ ಎದುರುಬದುರು ನಿಂತರು. ದಕ್ಷಿಣ ಕನ್ನಡದಲ್ಲಿ ಗೇಣಿಪದ್ಧತಿ ವ್ಯಾಪಕವಾಗಿದ್ದುದರಿಂದ ಈ ಕಾಯಿದೆಯ ಪ್ರಭಾವ ಇಲ್ಲಿ ಅತ್ಯಂತ ತೀವ್ರವಾಗಿತ್ತು.

ಆ ವಿಚಾರಣೆಗಳಲ್ಲಿ ಕಡತಕ್ಕೆ ಅನಿರೀಕ್ಷಿತವಾದ ಮಹತ್ವ ಬಂದಿತು. ಗೇಣಿ ಸಂದಾಯವಾದ ಬಗೆಗೆ ಬೀಡಿನ ಲೆಕ್ಕದಲ್ಲಿರುವ ನಮೂದೇ ಒಕ್ಕಲಿನ ಹಕ್ಕಿಗೆ ಆಧಾರವಾಗಬಲ್ಲದು. ಯಜಮಾನನ ಅಧಿಕಾರದ ಕುರುಹಾಗಿ ಬರೆದ ಸಾಲು ಒಕ್ಕಲಿನ ಒಡೆತನದ ಸಾಕ್ಷಿಯಾಗುವ ಸನ್ನಿವೇಶವದು. ತಾಳ್ಮೆಯಿಂದ ಗೇಣಿದಾರಿಕೆಯನ್ನು ಒಪ್ಪಿಕೊಂಡು ಹೇಳಿಕೆ ಕೊಟ್ಟ ಒಡೆಯರೂ ಇದ್ದರು. ಒಕ್ಕಲನ್ನು ಕೂಲಿಯಾಳೆಂದು ವಾದಿಸಿದವರೂ ಇದ್ದರು. ಎರಡನ್ನೂ ಇತಿಹಾಸ ದಾಖಲಿಸಬೇಕು.

ಬೀಡಿನ ಮನೆಗೆ ಇದು ಆಘಾತ. ಹಲವು ಕವರುಗಳಾಗಿ ಹಂಚಿಹೋಗಿದ್ದ ವರ್ಗದಲ್ಲಿ ಒಂದೊಂದು ಪಾಲೂ ಬಹುತೇಕ ಗೇಣಿಯ ನೆಲವೇ ಆಗಿದ್ದರೆ, ಆ ಪಾಲಿನ ಒಡತಿಗೆ ಉಳಿದದ್ದು ಸ್ವಲ್ಪ ಪರಿಹಾರಧನ ಮತ್ತು ದೊಡ್ಡ ಮನೆಯ ಒಂದು ಕೋಣೆಯ ಹಕ್ಕು. ಸ್ವತಃ ಉಳುಮೆ ಮಾಡಿಸಲು ಗಂಡುದಿಕ್ಕಿಲ್ಲದೆ ಗೇಣಿಗೆ ಕೊಟ್ಟಿದ್ದ ವಿಧವೆಯರ, ಒಂಟಿ ಹೆಂಗಸರ ಪಾಲುಗಳು ಹೀಗೆ ಹೋದಾಗ ಅವರಿಗಾದ ನಷ್ಟ ಸಣ್ಣದಲ್ಲ. ಒಕ್ಕಲ ಮನೆಗಾದರೋ ಅದು ಪುನರ್ಜನ್ಮ. ತಲೆಮಾರುಗಳ ಚಾಲಗೇಣಿ ಒಂದು ಆದೇಶದಿಂದ ಸ್ವಂತ ಭೂಮಿಯಾಯಿತು. ಮಕ್ಕಳು ಶಾಲೆಗೆ ಹೋದರು. ಮುಳಿಹುಲ್ಲಿನ ಮಾಡು ಹಂಚಿನ ಮಾಡಾಯಿತು. ಮೂಲದಾಳುಗಳಿಗೆ ಈ ಕಾಯಿದೆಯಿಂದ ಗದ್ದೆ ಬರಲಿಲ್ಲ. ಏಕೆಂದರೆ ಅವರು ಗೇಣಿದಾರರಾಗಿರಲಿಲ್ಲ. ವಾಸದ ಮನೆಯ ನಿವೇಶನದ ಹಕ್ಕು ಕೃಷಿಕೂಲಿಗಳಿಗೆ ದೊರೆಯಿತು. ಚೋಮನ ಬಯಕೆ ಪ್ರಕಟವಾಗಿ ನಾಲ್ಕು ದಶಕಗಳ ಬಳಿಕವೂ ಅದು ಪೂರ್ಣವಾಗಿ ಈಡೇರಲಿಲ್ಲ ಎಂದರ್ಥ.

ದೀಪದ ಎಣ್ಣೆ

ಭೂಮಿಯ ಜೊತೆಗೆ ಹೋದ ಇನ್ನೊಂದು ಸಂಗತಿಯ ಕಡೆಗೆ ಜೈನ ಓದುಗರ ಗಮನ ಸಹಜವಾಗಿ ಹರಿಯುತ್ತದೆ. ಬೀಡಿನ ಬಸದಿಗೆ, ಊರ ದೈವಕ್ಕೆ, ಇಂದ್ರರ ಜೀವನಕ್ಕೆ ಬಿಟ್ಟಿದ್ದ ಗದ್ದೆಗಳೂ ಗೇಣಿಯಲ್ಲಿಯೇ ಇದ್ದವು; ಅವೂ ಗೇಣಿದಾರರ ಪಾಲಾದವು. ಧಾರ್ಮಿಕ ಸಂಸ್ಥೆಗಳಿಗೆ ವರ್ಷಾಶನ ನೀಡುವ ಏರ್ಪಾಡು ಕಾಯಿದೆಯಲ್ಲಿತ್ತಾದರೂ, ಮುಡಿಗಳಲ್ಲಿ ಬರುತ್ತಿದ್ದ ಗೇಣಿಗೂ ನಿಗದಿಯಾದ ಹಣಕ್ಕೂ ಹೋಲಿಕೆ ಇರಲಿಲ್ಲ. ನಿತ್ಯಪೂಜೆ ಇಂದ್ರರ ಶ್ರದ್ಧೆಯ ಮೇಲೆ ನಿಂತಿತು. ಅನೇಕ ಸಣ್ಣ ಬಸದಿಗಳ ಮಾಡು ಸೋರತೊಡಗಿದ್ದು ಈ ಕಾಲದಲ್ಲಿ. ದೈವದ ನೇಮದಲ್ಲಿ ಗುತ್ತಿನವನಿಗೆ ಗಂಧಪ್ರಸಾದದ ಮೊದಲ ಮರ್ಯಾದೆ ಉಳಿಯಿತು. ನೇಮದ ಖರ್ಚನ್ನು ಹೊರುವವರು ಬದಲಾದರು. ಹಿಂದೆ ಬೀಡಿಗೆ ಅಕ್ಕಿ ತಂದು ಅಳೆಯುತ್ತಿದ್ದ ಮನೆಗಳವರು ಈಗ ಸಮಿತಿಯ ಸದಸ್ಯರಾಗಿ ವಂತಿಗೆ ನೀಡತೊಡಗಿದರು.

ಕುಟುಂಬಗಳು ಬೇರೆ ದಾರಿಗಳನ್ನೂ ಕಂಡುಕೊಂಡವು. 1931ರಲ್ಲಿಯೇ ಎ.ಬಿ. ಶೆಟ್ಟಿಯವರ ಮುಂದಾಳತ್ವದಲ್ಲಿ ಬಂಟ ಸಮುದಾಯದವರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದ್ದರು. ಗದ್ದೆಯ ಮನೆಗಳ ಮಕ್ಕಳಿಗೆ ಬ್ಯಾಂಕಿನ ಉದ್ಯೋಗ ಪರಿಚಿತವಾಗಿತ್ತು. ಮುಂಬಯಿಯ ಹೋಟೆಲುಗಳು, ಬೆಂಗಳೂರಿನ ಕಚೇರಿಗಳು ಉಳಿದವರನ್ನು ಸೆಳೆದವು. ಊರಿನಲ್ಲಿ ಉಳಿದವರು ಸ್ವಂತಕ್ಕೆ ದಕ್ಕಿದ ಬಯಲನ್ನು ಕ್ರಮೇಣ ಅಡಿಕೆತೋಟವಾಗಿ ಪರಿವರ್ತಿಸಿದರು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಅಡಿಕೆಗೆ ಭದ್ರವಾದ ಮಾರುಕಟ್ಟೆ ಒದಗಿಸಿತು. ಒಕ್ಕಲ ಮನೆಯವರೂ ಅದನ್ನೇ ಮಾಡಿದರು. ಇಂದು ಬೀಡಿನ ತೋಟಕ್ಕೂ ಹಿಂದಿನ ಒಕ್ಕಲಿನ ತೋಟಕ್ಕೂ ನಡುವೆ ಒಂದು ಬೇಲಿಯಷ್ಟೇ ಅಂತರ. ಎರಡೂ ಮನೆಗಳ ಎಳೆಯರು ದೂರದ ಊರುಗಳಲ್ಲಿದ್ದಾರೆ. ಏಣೆಲು, ಸುಗ್ಗಿ, ಕೊಳಕೆಗಳ ಭೇದವನ್ನು ಬಲ್ಲವರು ವಿರಳರಾಗುತ್ತಿದ್ದಾರೆ.

ಉಳಿಸಬೇಕಾದ ಗ್ರಂಥ

ಮೇಲಿನ ವಿವೇಚನೆಯಿಂದ ಹೊರಡುವ ಸಂಗತಿ ಇದು. ತುಳುನಾಡಿನ ಕೃಷಿಕ ಕುಟುಂಬವೆಂಬುದು ಮೂರು ಎಳೆಗಳ ಹೆಣಿಗೆ: ತಾಯಿಯ ಸಂತತಿ, ಅವಿಭಕ್ತ ವರ್ಗ, ಮತ್ತು ಗೇಣಿಯ ಸಂಬಂಧ. 1949 ಮತ್ತು 1956ರ ಕಾಯಿದೆಗಳು ಮೊದಲೆರಡನ್ನು ಬೇರ್ಪಡಿಸಿದವು. 1974ರ ಕಾಯಿದೆ ಮೂರನೆಯದನ್ನು ಕತ್ತರಿಸಿತು. ಈ ಕತ್ತರಿಕೆಗಳಲ್ಲಿ ನ್ಯಾಯವಾದುದು ಬಹಳಷ್ಟಿದೆ. ಹಳೆಯ ಹೆಣಿಗೆಯನ್ನು ಮತ್ತೆ ನೇಯಬೇಕೆಂದು ಯಾರೂ ಬಯಸಲಾರರು. ಆದರೆ ಅದು ಹೇಗಿತ್ತೆಂಬುದನ್ನು ಅರಿಯಲು ಮೂರು ಎಳೆಗಳೂ ಒಂದೆಡೆ ದೊರೆಯುವ ದಾಖಲೆ ಬೇಕು. ಅದು ಮನೆಯ ಕಡತ. ಯಜಮಾನರ ಪಟ್ಟಿಯಿಂದ, ಪ್ರಶಸ್ತಿಗಳಿಂದ, ಕೋರ್ಟಿನ ತೀರ್ಪುಗಳಿಂದ ಮಾತ್ರ ಬರೆದ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಹೆಸರು ಇರದು, ಒಕ್ಕಲುಗಳ ಹೆಸರು ಇರದು, ಆಳುಗಳ ಸುಳಿವೂ ಇರದು.

ಆದರೆ ಕಡತಗಳು ಅಳಿಯುತ್ತಿವೆ. ಮನೆ ಪಾಲಾದಾಗ ಪಾತ್ರೆಪಗಡಿಗಳು ಹಂಚಿಕೆಯಾದವು. ಕಡತ ಯಾರಿಗೂ ಬೇಡವಾಯಿತು. ಭೂನ್ಯಾಯಮಂಡಳಿಯ ಕಾಲದಲ್ಲಿ ಅವು ವಿರುದ್ಧ ಸಾಕ್ಷಿಯಾದಾವು ಎಂಬ ಅಳುಕೂ, ಆ ಬಳಿಕ ಅವು ನಿರುಪಯುಕ್ತವೆಂಬ ಉಪೇಕ್ಷೆಯೂ ಸೇರಿ ಅವನ್ನು ಗೆದ್ದಲಿಗೆ ಒಪ್ಪಿಸಿದವು. ಬಳಪದ ಬರಹ ಒರಸಿದರೆ ಅಳಿಸಿಹೋಗುವಂಥದು. ಮಾಡು ಸೋರುವ ಮನೆಯಲ್ಲಿ ಒಂದು ಮಳೆಗಾಲ ಸಾಕು.

ಶಾಸ್ತ್ರದಾನವನ್ನು ಶ್ರೇಷ್ಠ ದಾನಗಳಲ್ಲಿ ಒಂದಾಗಿ ಎಣಿಸಿದ ಪರಂಪರೆ ಜೈನರದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಬೇರೆಡೆ ಇಲ್ಲವಾದ ಧವಲ, ಜಯಧವಲ, ಮಹಾಧವಲಗಳ ತಾಳೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಅದೇ ಸೀಮೆಯ ಮನೆಗಳಲ್ಲಿ ಅದೇ ಶ್ರಾವಕರು ಬರೆದಿಟ್ಟ ಕಡತಗಳಿಗೆ ಆ ಕಾಳಜಿಯ ಒಂದಂಶವಾದರೂ ಸಲ್ಲಬೇಕಾದುದು ನ್ಯಾಯ. ಕನ್ನಡ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳು ಒಂದೊಂದು ಮನೆಯ ಕಡತಗಳ ಛಾಯಾಪ್ರತಿ ಮಾಡಿ, ಗದ್ದೆಗಳ ಹೆಸರುಗಳನ್ನು, ಒಕ್ಕಲುಗಳ ಹೆಸರುಗಳನ್ನು, ಕವರುಗಳ ತಾಯಂದಿರ ಹೆಸರುಗಳನ್ನು ಪಟ್ಟಿಮಾಡಿದರೂ ಸಾಕು, ಅದು ಮುಂದಿನ ಚರಿತ್ರೆಗೆ ತಳಹದಿಯಾದೀತು. ಯಜಮಾನ್ತಿಯ ಹೆಸರನ್ನು ಬಲ್ಲ ಹಿರಿಯ ಹೆಂಗಸರೂ, ಗೇಣಿ ಅಳೆದ ದಿನಗಳನ್ನು ನೆನಪಿಟ್ಟುಕೊಂಡ ಒಕ್ಕಲ ಮನೆಯ ವೃದ್ಧರೂ ಇನ್ನೂ ಕೆಲವರು ಇದ್ದಾರೆ. ಕಡತದ ಸಾಲುಗಳನ್ನು ಅವರೆದುರು ಓದಿ ಅರ್ಥ ಕೇಳುವ ಕೆಲಸ ಈ ತಲೆಮಾರಿನಲ್ಲಿಯೇ ಆಗಬೇಕಾಗಿದೆ.